ಕರಿ ಕ್ಲಿಪ್ಪು ಮತ್ತು ನನ್ನ ಸೊಸೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಸೊಸೆಯ ಕಾಲ ಯಾವಾಗ ಬರುತ್ತದೋ ಎಂದು ಬಾಗಿಲು ನೋಡುತ್ತಾ ಕೂತಿದ್ದವಳು ನಾನು, ಅಂದರೆ ಅತ್ತೆ. ಹೇಳಿದರೆ ಯಾರೂ ನಂಬುವುದಿಲ್ಲ.

ನನ್ನ ಸೊಸೆ ಮನೆಗೆ ಬಂದಾಗಿನಿಂದ ನನ್ನ ಹತ್ತಿರ ಆಡಿದ್ದು ಮೂರೇ ಮಾತು. ಹೂಂ ಅತ್ತೆ, ಆಯ್ತು ಅತ್ತೆ, ಪರವಾಗಿಲ್ಲ ಅತ್ತೆ. ನಾನು ಅನ್ನ ತಳ ಹತ್ತಿಸಿ ಬಡಿಸಿದರೂ ಪರವಾಗಿಲ್ಲ, ಅವಳ ಕಾಲು ತುಳಿದರೂ ಪರವಾಗಿಲ್ಲ. ಬೇರೆಯವರು ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ನನಗೋ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ನಾನು ಕತ್ತರಿ ಹಿಡಿದು ಬದುಕಿದವಳು, ದರ್ಜಿ. ಗಿರಾಕಿಗಳಿಗೆ ಬೈದಿದ್ದೇನೆ, ಅವರಿಂದ ಬೈಸಿಕೊಂಡಿದ್ದೇನೆ, ಗಂಡ ಬದುಕಿದ್ದಷ್ಟು ದಿನ ಅವನ ಜೊತೆ ಜಗಳವಾಡದೆ ಒಂದು ಬೆಳಗನ್ನೂ ಶುರು ಮಾಡಿದವಳಲ್ಲ. ಬೈಗುಳವಿಲ್ಲದ ಮನೆ ಅಂದರೆ ನನಗೆ ಆಸ್ಪತ್ರೆಯ ವರಾಂಡದಂತೆ. ಈ ಹುಡುಗಿ ಒಂದೇ ಛಾವಣಿಯ ಕೆಳಗೆ ನೆಂಟರ ಹಾಗೆ ಬದುಕುತ್ತಿದ್ದಾಳಲ್ಲ ಎಂದು ನನಗೆ ನಿಜವಾಗಿ ನೋವಾಗುತ್ತಿತ್ತು.

ಹೀಗಿರುವಾಗ ನನ್ನ ಹೊಲಿಗೆ ಯಂತ್ರಕ್ಕೆ ಹುಚ್ಚು ಹಿಡಿಯಿತು. ಅದು ಬೀದಿ ಕಡೆಯ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ನಿಂತಿದೆ. ಮೋಟಾರಿನದು, ಮೇಜಿನ ಅಡಿಯಲ್ಲಿ ಅದನ್ನು ಆಳುವ ಒಂದು ಕಂಟ್ರೋಲ್ ಪೆಟ್ಟಿಗೆ. ಪೆಡಲನ್ನು ಸ್ವಲ್ಪ ಒತ್ತಿದರೆ ಸುಮ್ಮನಿರುತ್ತಿತ್ತು, ಇನ್ನೂ ಸ್ವಲ್ಪ ಒತ್ತಿದರೆ ಚಾಟಿ ಏಟು ಬಿದ್ದ ಎಮ್ಮೆಯ ಹಾಗೆ ಓಡುತ್ತಿತ್ತು, ಮತ್ತೆ ನಡುವೆ ತಾನೇ ನಿಲ್ಲುತ್ತಿತ್ತು. ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿ, ಮುಚ್ಚಿ, ತಲೆ ಅಲ್ಲಾಡಿಸಿದ.

"ಈ ಬಾಕ್ಸ್ ಈಗ ಬರೋದೇ ಇಲ್ಲಮ್ಮ. ಹೊಸ ಮಿಷನ್ನೇ ತಗೊಂಡುಬಿಡಿ."

"ನಿನ್ನ ತಲೆ ಕೆಟ್ರೆ ನಿನ್ನ ಹೆಂಡತಿ ಹೊಸ ಗಂಡನ್ನೇ ತಗೋತಾಳೇನಪ್ಪ?" ಎಂದು ಕೇಳಿದೆ. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದ.

ಅವನು ಹೋದ ಮೇಲೆ, ಬಾಗಿಲ ಹತ್ತಿರ ನಿಂತಿದ್ದ ಸೊಸೆ ಬಾಯಿ ಬಿಟ್ಟಳು. "ಅತ್ತೆ, ನಾನೊಂದ್ಸಲ ನೋಡ್ಲಾ?"

ಅವಳ ಕೆಲಸ ಅಳತೆಯ ಉಪಕರಣಗಳನ್ನು ಪರೀಕ್ಷೆ ಮಾಡುವುದು. ಕಾರ್ಖಾನೆಗಳಿಂದ ಮೀಟರುಗಳು ಬರುತ್ತವೆ, ಅವು ಸರಿಯಾಗಿ ತೋರಿಸುತ್ತವೋ ಸುಳ್ಳು ಹೇಳುತ್ತವೋ ಎಂದು ಇವಳು ನೋಡುತ್ತಾಳೆ. ಅಲ್ಲಿ ಹೊಸದು ಬಂದಾಗ ತೆಗೆದುಹಾಕಿದ, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಒಂದು ಹಳೆಯ ಆಸಿಲೋಸ್ಕೋಪನ್ನು ಅವಳೇ ಮನೆಗೆ ತಂದು ಒಳಕೋಣೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ನಾನು ಅದನ್ನು ಆಸ್ಪತ್ರೆಯಲ್ಲಿ ಎದೆಗೆ ಹಚ್ಚುವ ಯಂತ್ರದ ತಂಗಿ ಎಂದುಕೊಂಡಿದ್ದೆ. ಒಂದು ಪರದೆ, ಹತ್ತಾರು ತಿರುಪು, ಎರಡು ತೂತಿನಿಂದ ಜೋಲುವ ದಪ್ಪ ದಾರ.

"ನೋಡು. ಆದ್ರೆ ನನಗೂ ಕಲಿಸ್ಬೇಕು," ಎಂದೆ.

"ನಿಮಗ್ಯಾಕೆ ಅತ್ತೆ ಈ ತೊಂದರೆ?"

"ನನ್ನ ಮಿಷನ್ನು. ಅದರ ಹೊಟ್ಟೇಲಿ ಏನು ನಡೀತಿದೆ ಅಂತ ನನಗೂ ಗೊತ್ತಾಗ್ಲಿ."

ಕಲಿಯುವ ಹುಚ್ಚು ನನಗೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಿಜವಾದ ಆಸೆ ಬೇರೆ. ಈ ಹುಡುಗಿಯ ಪಕ್ಕದಲ್ಲಿ ಕೂರಲು ನನಗೊಂದು ನೆಪ ಬೇಕಿತ್ತು.

ನೆಪ ಎಷ್ಟು ಚೆನ್ನಾಗಿ ಫಲಿಸಿತೆಂದರೆ ಮೊದಲ ಪಾಠದಲ್ಲೇ ನಾನು ಬೆರಗಾದೆ. ಸ್ಕೋಪಿನ ಮುಂದೆ ಕೂತರೆ ಅವಳು ಬೇರೆಯೇ ಹೆಂಗಸು. ನೀರು ಬಿಟ್ಟ ನಲ್ಲಿಯ ಹಾಗೆ ಮಾತು. ಮೊದಲು ಗೋಡೆಯ ಕರೆಂಟಿನ ಯಾವ ವಸ್ತುವನ್ನೂ ಹತ್ತಿರ ಬರಗೊಡಲಿಲ್ಲ. ಸ್ಕೋಪಿನ ಮುಖದ ಮೇಲೇ ಒಂದು ಪುಟ್ಟ ಕೊಂಡಿ ಇದೆ. ಅದರಿಂದ ಪರೀಕ್ಷೆಗೆಂದೇ ಸಣ್ಣ ಅಲೆ ಹೊರಡುತ್ತದೆಯಂತೆ. ಪ್ರೋಬ್ ಎಂಬ ಕಡ್ಡಿಯ ಮೂತಿಯನ್ನು ಅದಕ್ಕೆ ಸಿಕ್ಕಿಸಿದಳು. ಪರದೆಯ ಮೇಲೆ ಕೋಟೆ ಗೋಡೆಯ ಹಲ್ಲುಗಳಂಥ ಚೌಕ ಚೌಕದ ಗೆರೆ ಓಡಿತು. ಹಲ್ಲುಗಳ ಮೂಲೆ ಸ್ವಲ್ಪ ಬಾಗಿತ್ತು. ಕಡ್ಡಿಯ ಮೈಮೇಲಿನ ಒಂದು ಚಿಕ್ಕ ಸ್ಕ್ರೂ ತಿರುಗಿಸಿ ಮೂಲೆಗಳನ್ನು ನೆಟ್ಟಗೆ ಮಾಡು ಎಂದು ನನ್ನ ಕೈಗೇ ಕೊಟ್ಟಳು. ಕಾಲರಿನ ಮೂಲೆ ಚೂಪು ಮಾಡುವ ಕೆಲಸ ನನಗೇನು ಹೊಸದೇ? ಕ್ಷಣದಲ್ಲಿ ಮಾಡಿದೆ.

"ಅರೇ, ಎಷ್ಟು ಚೆನ್ನಾಗಿ ಮಾಡಿದ್ರಿ!" ಎಂದು ಅವಳು ನಕ್ಕಳು. ಅವಳ ಎಡಗಡೆ ಒಂದು ಹಲ್ಲು ಸೊಟ್ಟಗಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅಲ್ಲಿಯವರೆಗೆ ಅವಳು ನನ್ನ ಮುಂದೆ ಅಷ್ಟು ಬಾಯಿ ತೆರೆದಿರಲಿಲ್ಲ.

ಪ್ರೋಬಿಗೆ ಎರಡು ತುದಿ. ಒಂದು ಕಡ್ಡಿಯ ಮೂತಿ, ಇನ್ನೊಂದು ಪಕ್ಕದಲ್ಲಿ ಬಾಲದಂತೆ ಜೋಲುವ ಕರಿ ಕ್ಲಿಪ್ಪು. ಅವಳ ಪಾಠವೆಲ್ಲ ಈ ಕ್ಲಿಪ್ಪಿನ ಸುತ್ತ.

"ಅತ್ತೆ, ಎಲ್ಲರೂ ಮೂತಿ ಕಂಡ್ರೆ ಹೆದರ್ತಾರೆ, ಕ್ಲಿಪ್ಪು ಕಂಡ್ರೆ ಹೆದರಲ್ಲ. ಉಲ್ಟಾ ಅದು. ಈ ಕ್ಲಿಪ್ಪು ಸ್ಕೋಪಿನ ಮೈಗೆ ಸೇರಿದೆ, ಸ್ಕೋಪಿನ ಮೈ ಪ್ಲಗ್ಗಿನ ಮೂರನೇ ಕಾಲಿಗೆ ಸೇರಿದೆ, ಆ ಮೂರನೇ ಕಾಲು ಹೋಗಿ ಭೂಮಿಗೆ ಸೇರಿದೆ. ಅಂದ್ರೆ ನೀವು ಕ್ಲಿಪ್ಪನ್ನ ಎಲ್ಲಿ ಕಚ್ಚಿಸ್ತೀರೋ ಆ ಜಾಗಾನ ಸೀದಾ ಭೂಮಿಗೆ ಕಟ್ಟಿದ ಹಾಗೆ. ಆ ಜಾಗದಲ್ಲಿ ಕರೆಂಟ್ ಇದ್ರೆ ಢಂ ಅಂತ ಸಿಡಿಯುತ್ತೆ. ಗೊತ್ತಾಯ್ತಾ?"

"ಹೂಂ," ಎಂದೆ ನಾನು. ಈಗ ಹೂಂ ಎನ್ನುವ ಸರದಿ ನನ್ನದಾಗಿತ್ತು.

ಆಮೇಲೆ ಬ್ಯಾಟರಿಯ ಆಟಿಕೆ, ಬ್ಯಾಟರಿಯ ಗಡಿಯಾರ. ಅವುಗಳ ಅಲೆ ನೋಡಿದೆವು. ಬೆಳಗ್ಗೆ ಚಹಾ ಕುಡಿಯುತ್ತಾ ಅವಳೇ "ಇವತ್ತು ಕೂರೋಣ್ವಾ ಅತ್ತೆ?" ಎಂದು ಕೇಳತೊಡಗಿದಾಗ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನನ್ನ ಮಗ ಈಜು ಕಲಿಸುವವನು. ದಿನವಿಡೀ ಕೊಳದ ದಡದಲ್ಲಿ ಸೀಟಿ ಊದಿ, ಕೂಗಿ, ಮನೆಗೆ ಬಂದರೆ ಯಾರೂ ಉಸಿರೆತ್ತಬಾರದು ಎನ್ನುವ ಜಾತಿ. ಅವನು ಬಾಗಿಲಲ್ಲಿ ಇಣುಕಿ, "ಇದೇನು ನಿಮ್ಮಿಬ್ಬರ ಗುಸುಗುಸು?" ಎಂದು ಹೊಟ್ಟೆಕಿಚ್ಚು ಪಡುವಷ್ಟು ನಾವು ಹತ್ತಿರವಾದೆವು.

ಕೊನೆಗೆ ಯಂತ್ರದ ಪೆಟ್ಟಿಗೆಯ ದಿನ ಬಂತು. ಭಾನುವಾರ ಬೆಳಗ್ಗೆ. ಅವಳು ಪೆಟ್ಟಿಗೆಯನ್ನು ಪೆಡಲಿನ ಸಮೇತ ತಂದು, ಮುಚ್ಚಳ ಬಿಚ್ಚಿ, ಒಳಕೋಣೆಯ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಒಂದು ಭಾರದ ಕಬ್ಬಿಣದ ಡಬ್ಬ. ಅದರ ಹೆಸರು ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ಗೋಡೆಯ ಕರೆಂಟನ್ನು ಭೂಮಿಯ ಸಂಬಂಧ ಕಡಿದು ಕೊಡುತ್ತದೆಯಂತೆ. ಅದಿಲ್ಲದೆ ಅಳೆಯುವ ಮಾತೇ ಇಲ್ಲ ಎಂದಳು. ಆದರೆ ಯಾಕೆ ಬೇಕು ಎನ್ನುವುದನ್ನು ನಾನು ಕಣ್ಣಾರೆ ನೋಡಲಿ ಎಂದು ಮೊದಲು ಪೆಟ್ಟಿಗೆಯನ್ನು ಸೀದಾ ಗೋಡೆಗೆ ಕೊಟ್ಟು, ಸಾಧಾರಣ ಮೀಟರಿನಿಂದ ತೋರಿಸಿದಳು.

"ಇಲ್ನೋಡಿ. ಬಿಸಿ ಆರಿಸೋ ಈ ಅಲ್ಯೂಮಿನಿಯಂ ರೆಕ್ಕೆ ಇದೆಯಲ್ಲ, ಪಳಪಳ ಅಂತ, ಪಾಪದ ಹಾಗೆ ಕಾಣುತ್ತೆ. ಭೂಮಿಗೂ ಇದಕ್ಕೂ ಮಧ್ಯೆ ಎಷ್ಟು ವೋಲ್ಟ್ ತೋರಿಸ್ತಿದೆ ನೋಡಿ ಮೀಟರು. ಇದಕ್ಕೇನಾದ್ರೂ ಕ್ಲಿಪ್ಪು ಹಾಕಿದ್ವೋ..."

ದರ್ಜಿಗಳಿಗೆ ಒಂದು ಅಭ್ಯಾಸ ಇರುತ್ತದೆ. ಗಿರಾಕಿ ಎದುರು ನಿಂತಾಗ ಕಣ್ಣು ಅವರ ಮುಖದ ಮೇಲೆ, ಮಾತು ಅವರ ಮಗಳ ಮದುವೆಯ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ತಾನು ಬಟ್ಟೆ ಮಡಿಸಿ ಪಿನ್ನು ಚುಚ್ಚುತ್ತಾ ಹೋಗುತ್ತದೆ. ನೋಡಿ ಚುಚ್ಚುವವರು ಹೊಸಬರು. ನಾನು ಮೀಟರನ್ನು ನೋಡುತ್ತಿದ್ದೆ, ಅವಳ ಮಾತನ್ನು ಕೇಳುತ್ತಿದ್ದೆ, ಎಲ್ಲಾ ಅರ್ಥವೂ ಆಗುತ್ತಿತ್ತು. ನನ್ನ ಬಲಗೈ ಮಾತ್ರ ಪಾಠಕ್ಕೆ ಹಾಜರಿರಲಿಲ್ಲ. ಅದು ಕರಿ ಕ್ಲಿಪ್ಪನ್ನು ಎತ್ತಿಕೊಂಡು, ಬಾಯಿ ತೆರೆಸಿ, ಪಿನ್ನು ಚುಚ್ಚಲು ಹುಡುಕುವ ಹಾಗೆ ಒಳ್ಳೆಯ ಜಾಗ ಹುಡುಕುತ್ತಾ ನೇರವಾಗಿ ಆ ರೆಕ್ಕೆಯ ಕಡೆಗೇ ಹೊರಟಿತ್ತು.

ಫಟ್!

ಮಣಿಕಟ್ಟಿನ ಮೇಲೆ ಏಟು ಬಿತ್ತು. ಕೈ ಪಕ್ಕಕ್ಕೆ ಹಾರಿತು, ಕ್ಲಿಪ್ಪು ನೆಲಕ್ಕೆ ಬಿತ್ತು, ಅವಳ ಇನ್ನೊಂದು ಕೈ ಗೋಡೆಯ ಸ್ವಿಚ್ಚನ್ನು ಆರಿಸಿತು.

"ಬುದ್ಧಿ ಎಲ್ಲಿಟ್ಟಿದೀರಿ! ಇಷ್ಟೊತ್ತು ಯಾರಿಗೆ ಹೇಳ್ತಿದ್ದೆ ನಾನು, ಗೋಡೆಗಾ? ಸತ್ತೇ ಹೋಗ್ತಿದ್ರಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು!"

ಇಡೀ ಬೀದಿಗೆ ಕೇಳುವ ಧ್ವನಿ. ಅಂಥ ಗಂಟಲು ಅವಳಿಗಿತ್ತೆಂದು ಅವಳಿಗೂ ಗೊತ್ತಿರಲಿಲ್ಲವೇನೋ. ನನ್ನ ಕೈ ಚುರುಗುಟ್ಟುತ್ತಿತ್ತು. ಆದರೆ ಅದರ ಕೆಳಗೆಲ್ಲೋ, ನಿಜ ಹೇಳಬೇಕೆಂದರೆ, ನನಗೆ ಖುಷಿಯಾಗಿತ್ತು. ಕೊನೆಗೂ ಬೈದಳು! ಅದೂ ಗಾದೆ ಹಾಕಿ ಬೈದಳು!

ಖುಷಿ ಬಾಯಿಗೆ ಬರುವ ಮೊದಲೇ ನನ್ನ ಮಗ ಬಾಗಿಲಲ್ಲಿದ್ದ. "ಅಮ್ಮನ ಮೇಲೆ ಕೈ ಮಾಡಿದ್ಯಾ?" ಎಂದ. ಅಷ್ಟೇ ಸಾಕಾಯಿತು. ಅವಳ ಮುಖದ ಬಣ್ಣ ಇಳಿದುಹೋಯಿತು. ಕಣ್ಣಲ್ಲಿ ನೀರು ತಂದುಕೊಂಡು, "ತಪ್ಪಾಯ್ತು ಅತ್ತೆ, ಗೊತ್ತಾಗ್ದೆ ಆಯ್ತು, ಕ್ಷಮಿಸಿ," ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಮಗನಿಗೆ, "ಲೋ, ಅವಳು ನನ್ನ ಜೀವ ಉಳಿಸಿದ್ಲು ಕಣೋ!" ಎಂದು ಕೂಗಿದೆ. ಅವನಿಗೆ ಅರ್ಥವಾಯಿತು, ಇಂಗು ತಿಂದ ಮಂಗನ ಹಾಗೆ ನಿಂತ, ಹೆಂಡತಿಯ ಹತ್ತಿರ ತಪ್ಪಾಯ್ತು ಎಂದೂ ಅಂದ. ಆದರೆ ಹಾಲು ಒಡೆದಾಗಿತ್ತು.

ಸ್ಕೋಪು ಅವತ್ತೇ ಬೀರುವಿನ ಮೇಲೇರಿತು. ಅದರ ಜೊತೆಗೆ ಅವಳ ನಾಲಿಗೆಯೂ. ಹೂಂ ಅತ್ತೆ, ಆಯ್ತು ಅತ್ತೆ, ಪರವಾಗಿಲ್ಲ ಅತ್ತೆ. ಮೊದಲಿಗಿಂತ ಮೆಲ್ಲಗೆ, ಮೊದಲಿಗಿಂತ ಮೆತ್ತಗೆ. ನಾನು ಬೇಕಂತಲೇ ಅವಳ ಕಚೇರಿಯ ಚೀಲದ ಮೇಲೆ ನೀರು ಚೆಲ್ಲಿ ನೋಡಿದೆ. ಪರವಾಗಿಲ್ಲವಂತೆ! ಒಮ್ಮೆ ತಡೆಯಲಾಗದೆ ಕೇಳಿಯೇ ಬಿಟ್ಟೆ.

"ಪಾಠ ಯಾಕಮ್ಮ ನಿಲ್ಸಿದೆ?"

"ಬೇಡ ಅತ್ತೆ. ನಿಮಗೇನಾದ್ರೂ ಆದ್ರೆ ನಾನು ತಡ್ಕೊಳಲ್ಲ. ನಿಮ್ಮ ಮೇಲೆ ಮತ್ತೆ ಹಾಗೆ ಕೂಗಾಡಿದ್ರೂ ತಡ್ಕೊಳಲ್ಲ."

"ಕೂಗಾಡು, ನನಗೇನೂ ಬೇಜಾರಿಲ್ಲ."

"ನೀವು ದೊಡ್ಡವರು, ಹಾಗಂತೀರಿ." ಇಷ್ಟು ಹೇಳಿ ಪಾತ್ರೆ ತೊಳೆಯಲು ಹೋದಳು. ಯಂತ್ರ ಕೆಟ್ಟು ಕೂತದ್ದಕ್ಕೆ ನನಗೆ ಅಷ್ಟು ಸಂಕಟವಿರಲಿಲ್ಲ. ಕೈಗೆ ಬಂದ ಹುಡುಗಿ ಹೀಗೆ ಜಾರಿಹೋದಳಲ್ಲ ಎಂದು ಅಳುವೇ ಬರುತ್ತಿತ್ತು.

ಮಾತಿನಿಂದ ಆಗದ್ದು ಕೆಲಸದಿಂದ ಆಗಬೇಕು. ನಾನು ಪಾಠ ಮರೆತಿಲ್ಲ, ನನ್ನ ಕೈಗೂ ಬುದ್ಧಿ ಬಂದಿದೆ ಎಂದು ಅವಳು ಕಣ್ಣಾರೆ ಕಾಣಬೇಕು ಎಂದುಕೊಂಡೆ. ಮುಂದಿನ ಭಾನುವಾರ, ಅವಳು ತರಕಾರಿಗೆ ಹೋಗಿದ್ದಾಗ, ಮಗನ ಕೈಯಿಂದ ಸ್ಕೋಪನ್ನು ಕೆಳಗಿಳಿಸಿಕೊಂಡೆ. ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಇಟ್ಟಿದ್ದೆ. ನಾನು ಅಷ್ಟೂ ಮೂರ್ಖಳಲ್ಲ. ಮೇಜು ಒರೆಸಿದೆ. ನೀರಿನ ಲೋಟ ಆಚೆ ಇಟ್ಟೆ. ಕಾಲ ಕೆಳಗೆ ರಬ್ಬರ್ ಚಾಪೆ ಹಾಸಿದೆ. ಪ್ರೋಬಿನ ವೈರು ಎಲ್ಲಾದರೂ ಸುಲಿದಿದೆಯೇ ಎಂದು ಬೆರಳಾಡಿಸಿ ನೋಡಿದೆ. ಕಡ್ಡಿಯ ಮೇಲಿನ ಚಿಕ್ಕ ಗುಂಡಿಯನ್ನು ಹತ್ತರ ಕಡೆಗೆ ಸರಿಸಿದೆ. ಹಾಗಿದ್ದರೆ ಒಳಗೆ ಹೋಗುವ ಪೆಟ್ಟು ಹತ್ತರಲ್ಲಿ ಒಂದು ಪಾಲಾಗುತ್ತದೆ ಎಂದು ಅವಳು ಹೇಳಿದ್ದಳು. ಕರಿ ಕ್ಲಿಪ್ಪನ್ನು ಮಾತ್ರ ಮುಟ್ಟದೆ, ಮೇಜಿನ ಆ ತುದಿಯಲ್ಲಿ ಒಂದು ಬಟ್ಟೆಯ ತುಂಡಿನ ಮೇಲೆ ಮಲಗಿಸಿದೆ. ಯೋಚಿಸಿ ಯೋಚಿಸಿ ಆ ಕಬ್ಬಿಣದ ಡಬ್ಬವನ್ನೂ ಜೋಡಿಸಿದೆ. ಎಲ್ಲವನ್ನೂ ಒಮ್ಮೆ ನೋಡಿ, ಮದುಮಗಳ ರವಿಕೆ ಹೊಲಿದು ಮುಗಿಸಿದವಳ ಹಾಗೆ ಬೀಗುತ್ತಾ ಕೂತೆ.

ಅವಳು ಬಂದಳು. ಚೀಲ ಕೈಯಲ್ಲೇ ಇತ್ತು. ಒಂದು ಕ್ಷಣ ಬೆದರಿ ಗೋಡೆಯ ಸ್ವಿಚ್ಚುಗಳನ್ನು ನೋಡಿದಳು, ಆರಿರುವುದು ಕಂಡು ಉಸಿರುಬಿಟ್ಟಳು. ಚಾಪೆ ನೋಡಿದಳು, ಕ್ಲಿಪ್ಪು ಮಲಗಿರುವುದನ್ನು ನೋಡಿದಳು. ಮುಖ ಸ್ವಲ್ಪ ಅರಳಿತು. ಆಮೇಲೆ ವೈರುಗಳನ್ನು ಹಿಡಿದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ನಡೆದುಕೊಂಡು ಹೋದಳು. ಡಬ್ಬದ ಹತ್ತಿರ ಕಣ್ಣು ನಿಂತಿತು.

"ಅತ್ತೆ, ಇದು... ಇದನ್ನ ಇಲ್ಲಿಗ್ಯಾಕೆ ಹಾಕಿದ್ರಿ?" ಧ್ವನಿ ಇನ್ನೂ ಮೆತ್ತಗೇ ಇತ್ತು, ಆದರೆ ಕಷ್ಟಪಟ್ಟು ಮೆತ್ತಗಿತ್ತು.

ನಾನು ಡಬ್ಬಕ್ಕೆ ಸಿಕ್ಕಿಸಿದ್ದದ್ದು ಸ್ಕೋಪನ್ನು. ಹೊಲಿಗೆ ಯಂತ್ರದ ಪೆಟ್ಟಿಗೆಯ ಪ್ಲಗ್ಗು ಸೀದಾ ಗೋಡೆಗಿತ್ತು.

"ಕಾಪಾಡೋ ಡಬ್ಬ ತಾನೇ? ಬೆಲೆಬಾಳೋದು ಸ್ಕೋಪು, ನಾನು ಮುಟ್ಟೋದೂ ಸ್ಕೋಪು. ಅದನ್ನೇ ಕಾಪಾಡ್ಲಿ ಅಂತ."

ನಾನು ಬೇಕೆಂದೇ ಹಾಗೆ ಮಾಡಿದೆ ಎಂದು ನನ್ನ ಮಗ ಇವತ್ತಿಗೂ ಹೇಳುತ್ತಾನೆ. ಅಷ್ಟು ಬುದ್ಧಿ ನನಗಿದ್ದಿದ್ದರೆ ಇವನನ್ನು ಇನ್ನೂ ಚೆನ್ನಾಗಿ ಬೆಳೆಸುತ್ತಿದ್ದೆ.

ಅವಳು ತುಟಿ ಕಚ್ಚಿದಳು. ಚೀಲವನ್ನು ಕೆಳಗಿಟ್ಟಳು. ಪರವಾಗಿಲ್ಲ ಎನ್ನಲು ಹೊರಟು, ಆ ಮಾತನ್ನು ನುಂಗಿ, ಕೆಂಪಾದಳು. ಆಮೇಲೆ ಕಟ್ಟೆ ಒಡೆಯಿತು.

"ಪೂರ್ತಿ ತಿರುಗುಮುರುಗು ಮಾಡಿಟ್ಟಿದೀರಲ್ಲ! ಡಬ್ಬ ಬೇಕಾದ್ದು ಮಿಷನ್ನಿನ ಪೆಟ್ಟಿಗೆಗೆ, ಸ್ಕೋಪಿಗಲ್ಲ! ಎಲ್ಲಾ ಸರಿ ಮಾಡಿ ತಲೆಯನ್ನೇ ಮರೆತ ಹಾಗೆ! ಈ ಡಬ್ಬಕ್ಕೆ ಹಾಕಿದ್ರೆ ಸ್ಕೋಪಿಗೆ ಭೂಮಿನೇ ಇರಲ್ಲ. ಆಮೇಲೆ ನೀವು ಕ್ಲಿಪ್ಪನ್ನ ಆ ರೆಕ್ಕೆಗೆ ಹಾಕಿದ್ರೆ ಢಂ ಅಂತಲೂ ಅನ್ನಲ್ಲ, ಏನೂ ಅನ್ನಲ್ಲ. ಈ ಸ್ಕೋಪಿನ ಕಬ್ಬಿಣವೆಲ್ಲ ಕರೆಂಟ್ ಹೊತ್ಕೊಂಡು ಸುಮ್ನೆ ಕೂತಿರುತ್ತೆ! ನೀವು ಮುಟ್ಟಿದ್ರೆ ನಿಮ್ಮನ್ನೇ ಹಿಡ್ಕೊಳ್ಳುತ್ತೆ! ಸಿಡಿದ್ರೆ ಆದ್ರೂ ಗೊತ್ತಾಗುತ್ತೆ, ಇದು ಗೊತ್ತೇ ಆಗಲ್ಲ!"

"ಹಾಗಂತ ನೀನು ಹೇಳಿದ್ಯಾ?"

"ಹೇಳಿದ್ದೆ!"

"ಇಲ್ಲ! ಡಬ್ಬ ಬೇಕು ಅಂದೆ. ಯಾರಿಗೆ ಬೇಕು ಅಂತ ಹೇಳೋ ಹೊತ್ತಿಗೆ ನನಗೆ ಹೊಡೆದು ಪಾಠ ಮುಚ್ಚಿಟ್ಟೆ. ಅರ್ಧ ಹೊಲಿಗೆ ಹಾಕಿ ಬಟ್ಟೆ ಕೊಟ್ರೆ ಗಿರಾಕಿ ಏನು ಮಾಡ್ಬೇಕು? ಹರಿದ್ರೆ ತಪ್ಪು ಯಾರದು?"

"ಕೇಳಬಾರದಿತ್ತಾ ನನ್ನನ್ನ?"

"ಕೇಳಿದ್ರೆ ಪಾತ್ರೆ ತೊಳೆಯೋಕೆ ಹೋಗ್ತಿದ್ದೆಯಲ್ಲೇ!"

"ಗೊತ್ತಿಲ್ದೆ ಇದ್ರೆ ಸುಮ್ನಿರ್ಬೇಕು, ನಿಮಗೆ ಸುಮ್ನೆ ಕೂತು ಗೊತ್ತೇ ಇಲ್ಲ!"

"ನಿನಗೆ ಬಾಯಿ ಬಿಟ್ಟು ಗೊತ್ತೇ ಇಲ್ಲ!"

ಇಬ್ಬರ ಧ್ವನಿಯೂ ಛಾವಣಿಗೆ ಮುಟ್ಟಿತ್ತು. ನನ್ನ ಮಗ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದ. "ಏನಾಯ್ತು, ಏನಾಯ್ತು?"

"ನೀನು ಸುಮ್ನಿರು!" ಎಂದೆ ನಾನು.

"ನೀವು ಸುಮ್ನಿರಿ!" ಎಂದಳು ಅವಳು, ಅದೇ ಉಸಿರಿನಲ್ಲಿ.

ಅವನು ನೊರೆಯೊಳಗಿಂದ ನಮ್ಮಿಬ್ಬರನ್ನೂ ನೋಡಿ, ಸದ್ದಿಲ್ಲದೆ ಹಿಂದಕ್ಕೆ ನಡೆದ. ಅವಳಿಗೆ ನಗು ಬಂತು. ನನಗೂ ಬಂತು. ನಕ್ಕು ನಕ್ಕು ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಆಮೇಲೆ ನಗುವೇ ಅಳುವಾಯಿತು. ನಾನು ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟೆ.

"ನಾನು ಹೀಗೆ ಬೈತಿದ್ದದ್ದು ನನ್ನ ಅಮ್ಮಂಗೆ ಮಾತ್ರ," ಎಂದಳು ಮೂಗೊರೆಸಿಕೊಂಡು. "ಅವಳು ಹೋದ ಮೇಲೆ ಬೈಯೋಕೆ ಯಾರೂ ಇರ್ಲಿಲ್ಲ. ಇಲ್ಲಿ ಬಂದು, ನೀವು ಎಲ್ಲಿ ಬೇಜಾರು ಮಾಡ್ಕೊಳ್ತೀರೋ ಅಂತ..."

ಒಳ್ಳೆಯತನ ಎಂದು ಊರೆಲ್ಲ ಹೊಗಳಿದ್ದು ಒಂದು ಹುಡುಗಿಯ ಹೆದರಿಕೆಯಾಗಿತ್ತು. ನಾನು ಅದನ್ನು ಬಿಗುಮಾನ ಎಂದುಕೊಂಡು ಇಷ್ಟು ವರ್ಷ ಮುಖ ಗಂಟಿಕ್ಕಿಕೊಂಡಿದ್ದೆ.

"ಹಾಗಾದ್ರೆ ಬೈ," ಎಂದೆ. "ಆದ್ರೆ ತಪ್ಪು ಮಾಡಿದಾಗ ಮಾತ್ರ ಬೈಬೇಕು."

"ನಿಮ್ಮ ತಪ್ಪಿಗೇನು ಬರವಾ?" ಎಂದು ಅವಳು ಎದ್ದು, ಪ್ಲಗ್ಗುಗಳನ್ನು ಕಿತ್ತು, ನನ್ನ ಕೈಗೇ ಕೊಟ್ಟಳು. ಸ್ಕೋಪನ್ನು ನಾನೇ ಗೋಡೆಯ ಮೂರು ಕಾಲಿನ ಸಾಕೆಟ್ಟಿಗೆ ಹಾಕಿದೆ. ಯಂತ್ರದ ಪೆಟ್ಟಿಗೆಯನ್ನು ನಾನೇ ಡಬ್ಬಕ್ಕೆ ಸಿಕ್ಕಿಸಿದೆ. ಪೆಟ್ಟಿಗೆಯೊಳಗೆ ಉಳಿದ ಕರೆಂಟೇನೂ ಇಲ್ಲವೆಂದು ಅವಳು ಮೀಟರಿನಲ್ಲಿ ನೋಡಿದ ಮೇಲೆ, ಅವಳು ತೋರಿಸಿದ ಜಾಗವನ್ನು ಕಣ್ಣಿಟ್ಟು ನೋಡಿ, ಕಣ್ಣು ತೆಗೆಯದೆ, ಕರಿ ಕ್ಲಿಪ್ಪನ್ನು ಕಚ್ಚಿಸಿದೆ. ಪ್ರೋಬಿನ ಮೂತಿಯನ್ನು ಪೆಡಲಿನಿಂದ ಬರುವ ತಂತಿಗೆ ಸಿಕ್ಕಿಸಿದೆ. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಅವಳು ಸ್ವಿಚ್ಚು ಹಾಕಿದಳು.

ಪೆಡಲನ್ನು ಮೆಲ್ಲಗೆ ಒತ್ತಿದಾಗ ಪರದೆಯ ಗೆರೆ ಮೆಲ್ಲಗೆ ಮೇಲೇರಿತು. ಇನ್ನಷ್ಟು ಒತ್ತಿದಾಗ ಥಟ್ಟನೆ ಕೆಳಗೆ ಬಿದ್ದು, ಮತ್ತೆ ಹಾರಿತು.

"ವೈರು," ಎಂದೆವು ಇಬ್ಬರೂ ಒಟ್ಟಿಗೆ. ಪೆಡಲಿನ ವೈರು ಒಳಗೊಳಗೇ ಮುರಿದಿತ್ತು. ಬಾಗಿದಾಗ ಬಿಡುತ್ತಿತ್ತು, ನೆಟ್ಟಗಾದಾಗ ಕೂಡುತ್ತಿತ್ತು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಹೊಸ ವೈರಿಗೆ ಬೆಸುಗೆ ಹಾಕಲು ಅವಳು ಸಾಮಾನು ಜೋಡಿಸತೊಡಗಿದಳು. ನಾನು ಪರದೆಯ ಗೆರೆಯನ್ನು ಇನ್ನೊಂದು ಸಲ ನೋಡುವ ಆಸೆಗೆ ಮುಂದೆ ಬಾಗಿದೆ.

"ಅತ್ತೆ! ಕೊರಳಲ್ಲಿ ಸರ ನೇತಾಡ್ತಿದೆ, ತೆರೆದ ಪೆಟ್ಟಿಗೆ ಮೇಲೆ ಬೀಳುತ್ತೆ, ಕರೆಂಟ್ ಇನ್ನೂ ಇದೆ! ಎಷ್ಟು ಸಲ ಹೇಳ್ಬೇಕು ನಿಮಗೆ? ಕಣ್ಣು ಹಿಂದಿದೆಯಾ?"

ಸರದ ಮಾತನ್ನು ಅವಳು ಹೇಳಿದ್ದು ಅದೇ ಮೊದಲು. ನಾನು ವಾದಕ್ಕೆ ನಿಲ್ಲಲಿಲ್ಲ. ಸರ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡು, ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ.